ಎಂಟು ವರ್ಷದ ಕರಾರು

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವ ಪ್ಯಾಸೆಂಜರ್ ರೈಲು ಉಣಕಲ್ ದಾಟಿದ ಮೇಲೆ ಅಮರಗೋಳ ಬರುತ್ತದೆ. ಇಂದು ಈ ಊರಿನ ಹೆಸರೆತ್ತಿದರೆ ಹೆಚ್ಚಿನವರಿಗೆ ನೆನಪಾಗುವುದು ಎ.ಪಿ.ಎಂ.ಸಿ. ಮಾರುಕಟ್ಟೆ ಮತ್ತು ಅಲ್ಲಿಗೆ ಬಂದು ನಿಲ್ಲುವ ಲಾರಿಗಳು. ಆದರೆ 1886ರ ಜನವರಿಯಲ್ಲಿ ಇದೇ ಊರಿನಲ್ಲಿ, ತಾಯಿಯ ತವರುಮನೆಯಲ್ಲಿ, ಒಂದು ಗಂಡುಮಗು ಹುಟ್ಟಿತು. ಮನೆಯವರು ರಾಮಚಂದ್ರ ಎಂದು ಹೆಸರಿಟ್ಟರು. ತಂದೆ ಕುಂದಗೋಳದ ನಾಡಿಗೇರ ಮನೆತನದಲ್ಲಿ ಗುಮಾಸ್ತರಾಗಿದ್ದ ಗಣೇಶ ಸಂಶಿ. ಮುಂದೆ ಜಗತ್ತು ಈ ಮಗುವನ್ನು ಸವಾಯಿ ಗಂಧರ್ವ ಎಂದು ಕರೆಯಿತು. ಅವರನ್ನು ರೂಪಿಸಿದ ಗುರು ಯಾರು ಗೊತ್ತೇ? ಉತ್ತರ ಪ್ರದೇಶದ ಕೈರಾನಾದಿಂದ ಬಂದ ಉಸ್ತಾದ್ ಅಬ್ದುಲ್ ಕರೀಂ ಖಾನ್.

ಓದುಗರು ಇಲ್ಲಿಯೇ ಹುಬ್ಬೇರಿಸಬಹುದು. ಸಂಗೀತದ ಕುರಿತು ನಮ್ಮ ಉಲಮಾಗಳಲ್ಲಿರುವ ಅಭಿಪ್ರಾಯಗಳನ್ನು ನಾನು ಬಲ್ಲೆ. ಮದ್ರಸಾದಲ್ಲಿ ಅವನ್ನು ಓದಿಯೇ ಬಂದವನು. ಈ ಲೇಖನ ಆ ವಿಷಯದ ಫತ್ವಾ ಅಲ್ಲ. ಕಲಿಸುವವನು ಕಲಿಯುವವನ ಬಾಳಿನಲ್ಲಿ ಎಷ್ಟು ಆಳಕ್ಕೆ ಇಳಿಯಬಲ್ಲನೆಂಬುದಕ್ಕೆ ನಮ್ಮ ಮನೆಯ ಮುಂದೆಯೇ ಇರುವ ಉದಾಹರಣೆ ಇದು. ಅಷ್ಟಕ್ಕಾಗಿ ಇದನ್ನು ಆರಿಸಿಕೊಂಡಿದ್ದೇನೆ.

ಹುಡುಗ ರಾಮಭಾವು ಮೊದಲು ಕಲಿತದ್ದು ಬಲವಂತರಾವ್ ಕೊಲ್ಹಟಕರರಲ್ಲಿ. ಅವರು 1898ರಲ್ಲಿ ತೀರಿಕೊಂಡರು. ಆಗ ಖಾನ್ ಸಾಹೇಬರು ಮೈಸೂರಿನ ದರಬಾರಿಗೆ ಹೋಗಿ ಬರುವ ದಾರಿಯಲ್ಲಿ ಧಾರವಾಡದಲ್ಲಿದ್ದ ತಮ್ಮ ಸಹೋದರರ ಮನೆಯಲ್ಲಿ ಇಳಿದುಕೊಳ್ಳುತ್ತಿದ್ದರು. ತಂದೆ ಮಗನನ್ನು ಒಪ್ಪಿಸಲು ಬಂದಾಗ ಖಾನ್ ಸಾಹೇಬರು ಹಾಕಿದ ಷರತ್ತು ಒಂದೇ: ಹುಡುಗ ಎಂಟು ವರ್ಷ ನನ್ನ ಬಳಿಯೇ ಇರಬೇಕು. ನಡುವೆ ಕರೆದುಕೊಂಡು ಹೋಗುವಂತಿಲ್ಲ. ತಂದೆ ಒಪ್ಪಿದರು.

ಆ ಒಪ್ಪಿಗೆಯ ಭಾರವನ್ನು ಸ್ವಲ್ಪ ತೂಗಿ ನೋಡಿ. ಗುಮಾಸ್ತನ ಮನೆ. ದುಡಿಯಬಹುದಾದ ವಯಸ್ಸಿಗೆ ಬರುತ್ತಿರುವ ಮಗ. ಬ್ರಾಹ್ಮಣ ಕುಟುಂಬ; ಗುರು ಮುಸ್ಲಿಮ್. ಕಾಲ ನೂರಿಪ್ಪತ್ತು ವರ್ಷಗಳ ಹಿಂದಿನದು. ಕಲಿಕೆಯೋ ಆಮೆಯ ನಡಿಗೆ. ಮುಂಜಾನೆ ತೋಡಿ, ಮಧ್ಯಾಹ್ನ ಮುಲ್ತಾನಿ, ಸಂಜೆ ಪೂರಿಯಾ. ಕೆಲವೇ ರಾಗಗಳನ್ನು ವರ್ಷಗಟ್ಟಲೆ ತಿದ್ದಿಸಿದರು. ಹುಡುಗನ ಕಂಠವೂ ಹುಟ್ಟಿನಿಂದ ಬಂದ ಸಕ್ಕರೆಯಲ್ಲ, ಒರಟು ಕಂಠ. ಇಂದಿನ ತಂದೆಯಾಗಿದ್ದರೆ ಆರನೆಯ ತಿಂಗಳಿಗೆ ಬಂದು, ಪೋರ್ಷನ್ ಎಲ್ಲಿಗೆ ಬಂತು ಎಂದು ಕೇಳುತ್ತಿದ್ದ!

ಶಿಷ್ಯ ಮುಂದೆ ಗುರುವಿನ ಇಷ್ಟಕ್ಕೆ ವಿರುದ್ಧವಾಗಿ ನಾಟಕ ಕಂಪನಿ ಸೇರಿದರು. ಸ್ತ್ರೀ ಪಾತ್ರಗಳನ್ನು ಮಾಡಿ ಹೆಸರು ಗಳಿಸಿದರು. ಗುರುಗಳಿಗೆ ಬೇಸರವಾಗಿರಬೇಕು. ಆದರೆ ಎಂಟು ವರ್ಷ ಎದೆಯೊಳಗೆ ಇಳಿದದ್ದನ್ನು ರಂಗಮಂಚದ ಬಣ್ಣ ಅಳಿಸಲಿಲ್ಲ. ಕುಂದಗೋಳಕ್ಕೆ ಹಿಂದಿರುಗಿ ತಾವೇ ಗುರುವಾಗಿ ಕುಳಿತಾಗ ಅವರು ಕಲಿಸಿದ ರೀತಿ ಖಾನ್ ಸಾಹೇಬರದ್ದೇ: ಸ್ವಲ್ಪವೇ ಕೊಡುವುದು, ಅದು ಪಕ್ವವಾಗುವ ತನಕ ಇನ್ನೊಂದು ಕೊಡದಿರುವುದು.

1936ರಲ್ಲಿ ಅಲ್ಲಿಗೆ ಬಂದ ಹುಡುಗ ಭೀಮಸೇನ ಜೋಶಿ. ಗದಗಿನ ಮಾಸ್ತರೊಬ್ಬರ ಮಗ. ಖಾನ್ ಸಾಹೇಬರ ಒಂದು ಗ್ರಾಮಾಫೋನ್ ತಟ್ಟೆ ಕೇಳಿ ಹುಚ್ಚು ಹಿಡಿದು, ಹನ್ನೊಂದನೆಯ ವಯಸ್ಸಿನಲ್ಲಿ ಮನೆ ಬಿಟ್ಟು ಓಡಿದವನು. ಗ್ವಾಲಿಯರ್, ಕಲಕತ್ತೆ, ದಿಲ್ಲಿ, ರಾಂಪುರ ಎಂದೆಲ್ಲ ಗುರುವನ್ನು ಹುಡುಕುತ್ತ ಜಲಂಧರದವರೆಗೆ ಅಲೆದ. ನಿನ್ನ ಊರಿನ ಮಗ್ಗುಲಲ್ಲೇ ಸವಾಯಿ ಗಂಧರ್ವರಿದ್ದಾರೆ, ಅಲ್ಲಿಗೆ ಹೋಗು ಎಂದು ವಿನಾಯಕರಾವ್ ಪಟವರ್ಧನರು ಹೇಳಿದ್ದು ಅಲ್ಲಿ. ಬಂದವನು ಗುರುವಿನ ಮನೆಯಲ್ಲಿ ನೀರು ಹೊತ್ತ, ಮನೆಗೆಲಸ ಮಾಡಿದ, ಕಲಿತ. ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಬರುತ್ತಿದ್ದ ಇನ್ನೊಬ್ಬ ಶಿಷ್ಯೆ ಗಂಗೂಬಾಯಿ ಹಾನಗಲ್. ಐದನೆಯ ಇಯತ್ತೆಗೆ ಶಾಲೆ ಬಿಟ್ಟ ಹೆಣ್ಣುಮಗಳು. ಮೇಲ್ಜಾತಿಯ ಜನರ ತಾತ್ಸಾರವನ್ನು ಬೀದಿಯಲ್ಲಿ ನುಂಗಿಕೊಂಡೇ ನಡೆದವರು. ಮತ್ತೊಬ್ಬರು ಮುಂಬಯಿಯ ಪಾರಸಿ, ಫಿರೋಜ್ ದಸ್ತೂರ್. ಗಂಗೂಬಾಯಿಯವರಿಗೆ 2002ರಲ್ಲಿ ಪದ್ಮವಿಭೂಷಣ, ಭೀಮಸೇನರಿಗೆ 2008ರಲ್ಲಿ ಭಾರತರತ್ನ ಬಂತು.

ಇದೆಲ್ಲವನ್ನೂ ಖಾನ್ ಸಾಹೇಬರು ನೋಡಲಿಲ್ಲ. 1937ರ ಅಕ್ಟೋಬರಿನಲ್ಲಿ, ಮದ್ರಾಸಿನಿಂದ ಪಾಂಡಿಚೇರಿಗೆ ಹೋಗುವ ದಾರಿಯಲ್ಲಿ, ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ರೈಲು ನಿಲ್ದಾಣದಲ್ಲಿ ಅವರ ಪ್ರಾಣ ಹೋಯಿತು. ಎದೆನೋವು ಬಂದು ಇಳಿದವರು ಪ್ಲಾಟ್‌ಫಾರ್ಮಿನಲ್ಲೇ ನಮಾಜು ಮಾಡಿದರೆಂದು ಹೇಳುತ್ತಾರೆ. ಮಿರಜದಲ್ಲಿ ದಫನ ಮಾಡಿದರು. ಅವರು ತೀರಿಕೊಂಡಾಗ ಭೀಮಸೇನ ಕುಂದಗೋಳದಲ್ಲಿ ನೀರು ಹೊರುತ್ತಿದ್ದ ಹದಿನೈದರ ಪೋರ.

ಕಲಿಸುವವನ ಪಾಲಿಗೆ ಬಂದ ವಿಚಿತ್ರ ವಿಧಿ ಇದು. ಬಡಗಿ ತಾನು ಮಾಡಿದ ಬಾಗಿಲನ್ನು ಸಂಜೆಯೇ ನೋಡುತ್ತಾನೆ. ರೈತ ನಾಲ್ಕು ತಿಂಗಳಲ್ಲಿ ಬೆಳೆ ನೋಡುತ್ತಾನೆ. ಗುರು ಮಾತ್ರ ಕಾಣದ ಫಲಕ್ಕಾಗಿ ಬಿತ್ತುವವನು. ಮನುಷ್ಯ ಸತ್ತ ಮೇಲೂ ಅವನ ಲೆಕ್ಕಕ್ಕೆ ಪುಣ್ಯ ಸೇರುತ್ತಲೇ ಇರುವ ಮೂರು ಬಾಬುಗಳಲ್ಲಿ ಜನರಿಗೆ ಪ್ರಯೋಜನವಾಗುವ ವಿದ್ಯೆಯನ್ನೂ ಪ್ರವಾದಿವರ್ಯರು(ಸ) ಎಣಿಸಿದ್ದು ಸುಮ್ಮನೆಯಲ್ಲ.

ನಮ್ಮ ಇತಿಹಾಸದಲ್ಲಿ ಇದಕ್ಕೆ ಸರಿಜೋಡಿಯಾದ ಪ್ರಸಂಗವೊಂದಿದೆ. ಕೂಫಾದ ಬಡ ಹುಡುಗ ಯಾಕೂಬ್ ಇಮಾಮ್ ಅಬೂ ಹನೀಫಾ(ರ)ರ ಪಾಠಕ್ಕೆ ಬಂದು ಕೂರುತ್ತಿದ್ದ. ಮನೆಯಲ್ಲಿ ತುತ್ತಿಗೆ ಕಷ್ಟ. ಮನೆಯವರು ಬಂದು, ದುಡಿದು ನಾಲ್ಕು ಕಾಸು ತರಲಿ ಎಂದು ಎಬ್ಬಿಸಿಕೊಂಡು ಹೋದರು. ಹುಡುಗ ಬಾರದಿದ್ದಾಗ ಇಮಾಮರು ವಿಚಾರಿಸಿದರು; ಕಾರಣ ತಿಳಿದು ನೂರು ದಿರ್‌ಹಮ್‌ಗಳ ಚೀಲವನ್ನು ಅವನ ಕೈಗಿತ್ತು, ಮುಗಿದಾಗ ಹೇಳು ಎಂದರು ಎಂದು ಚರಿತ್ರೆಕಾರರು ಬರೆದಿದ್ದಾರೆ. ಮುಗಿಯಿತು ಎಂದು ಹುಡುಗ ಹೇಳುವ ಪ್ರಸಂಗವೇ ಬರಲಿಲ್ಲ. ಅದಕ್ಕೆ ಮೊದಲೇ ಮತ್ತೊಂದು ಚೀಲ ಬರುತ್ತಿತ್ತು. ಆ ಯಾಕೂಬನೇ ಇಮಾಮ್ ಅಬೂ ಯೂಸುಫ್(ರ), ಹಾರೂನ್ ರಶೀದರ ಕಾಲದ ಮುಖ್ಯ ಕಾಜಿ. ಅಷ್ಟರಲ್ಲಿ ಗುರುಗಳು ತೀರಿಕೊಂಡು ವರ್ಷಗಳೇ ಆಗಿದ್ದವು. ಇಂದು ನಮ್ಮ ಹನಫಿ ಮಸೀದಿಗಳಲ್ಲಿ ಒಂದು ಮಸ್‌ಅಲೆ ಹೇಳುವಾಗ ಗುರುವಿನ ಹೆಸರಿನ ಜೊತೆ ಶಿಷ್ಯನ ಹೆಸರೂ ಬರುತ್ತದೆ. ಆ ಚೀಲ ಇರದಿದ್ದರೆ?

ತಂದೆ ತಾಯಂದಿರೇ, ಈಗ ನಮ್ಮ ಓಣಿಗಳಿಗೆ ಬರೋಣ. ಎಂಟನೆಯ ಇಯತ್ತೆ ಮುಗಿಯುತ್ತಲೇ ಗ್ಯಾರೇಜಿಗೋ ಚಿಕ್ಕಪ್ಪನ ಅಂಗಡಿಗೋ ಹೋಗುವ ಹುಡುಗರನ್ನು ನಾನೂ ನೋಡುತ್ತೇನೆ, ನೀವೂ ನೋಡುತ್ತೀರಿ. ಬಡತನ ಇದೆ, ಇಲ್ಲವೆನ್ನುವುದಿಲ್ಲ. ಆದರೆ ಕೆಲವು ಮನೆಗಳಲ್ಲಿ ಹುಡುಗನನ್ನು ಬಿಡಿಸುವುದು ಹಸಿವು ಅಲ್ಲ, ಅವಸರ. ಅಂತಹ ಮನೆಗೆ ಶಾಲೆಯ ಮಾಸ್ತರೋ ಅಕ್ಕೋರೋ ಬಂದು, ಇವನಿಗೆ ಗಣಿತ ಚೆನ್ನಾಗಿ ಬರುತ್ತದೆ, ಇನ್ನೆರಡು ವರ್ಷ ಬಿಡಿ ಎಂದು ಹೇಳಿದರೆ ಬಾಗಿಲಲ್ಲೇ ನಿಲ್ಲಿಸಿ ಕಳಿಸಬೇಡಿ. ಒಳಗೆ ಕರೆದು ಚಹಾ ಕೊಡಿ. ಅವರಿಗೆ ಆ ಹುಡುಗನಿಂದ ಒಂದು ಪೈಸೆಯ ಲಾಭವೂ ಇಲ್ಲ.

ಇನ್ನೊಂದು ಮಾತು ಕಲಿಸುವವರಿಗೆ, ನಾನೂ ಅವರಲ್ಲೊಬ್ಬ. ಮಕ್ತಬಕ್ಕೆ ಮಗುವನ್ನು ತಂದು ಬಿಡುವಾಗ ಹಳೆಯ ತಲೆಗಳು ಹೇಳುವ ಮಾತೊಂದಿದೆ: ಹಜರತ್, ಎಲುಬು ನಮ್ಮವು, ಚರ್ಮ ನಿಮ್ಮದು. ಹೊಡೆಯಲು ಕೊಟ್ಟ ಪರವಾನಗಿ ಅದು. ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಈ ಪರವಾನಗಿ ಕೊಡುವ ಅಧಿಕಾರ ತಂದೆಗೆಲ್ಲಿಂದ ಬಂತು, ಬಳಸುವ ಅಧಿಕಾರ ನಮಗೆಲ್ಲಿಂದ ಬಂತು?

ಮುಆವಿಯಾ ಬಿನ್ ಹಕಮ್ ಸುಲಮಿ(ರ) ಎಂಬ ಸಹಾಬಿ ಹೊಸದಾಗಿ ಇಸ್ಲಾಮಿಗೆ ಬಂದವರು. ಜಮಾಅತ್ ನಮಾಜಿನ ನಡುವೆ ಒಬ್ಬರು ಸೀನಿದರು. ಇವರು ನಮಾಜಿನಲ್ಲೇ ಗಟ್ಟಿಯಾಗಿ ಯರ್‌ಹಮುಕಲ್ಲಾಹ್ ಎಂದುಬಿಟ್ಟರು. ಸುತ್ತಲಿನವರು ದುರುಗುಟ್ಟಿದರು. ಏನಾಯಿತೆಂದು ನಮಾಜಿನಲ್ಲೇ ಇವರು ಕೇಳಿದಾಗ ತೊಡೆ ತಟ್ಟಿ ಸುಮ್ಮನಿರಿಸಿದರು. ನಮಾಜು ಮುಗಿದ ಮೇಲೆ ಪ್ರವಾದಿವರ್ಯರು(ಸ) ಏನು ಮಾಡುವರೋ ಎಂದು ಇವರು ಕಾದಿದ್ದರು. ಪ್ರವಾದಿವರ್ಯರು(ಸ) ಗದರಲಿಲ್ಲ, ಹೊಡೆಯಲಿಲ್ಲ, ಬೈಯಲಿಲ್ಲ. ನಮಾಜಿನಲ್ಲಿ ಜನರ ಮಾತುಕತೆ ಸಲ್ಲದು, ಅದು ತಸ್ಬೀಹ್, ತಕ್‌ಬೀರ್ ಮತ್ತು ಕುರ್‌ಆನ್ ಪಾರಾಯಣ ಎಂದು ತಿಳಿಸಿಕೊಟ್ಟರು, ಅಷ್ಟೆ. ಇಂತಹ ಗುರುವನ್ನು ಮೊದಲೂ ಕಾಣಲಿಲ್ಲ, ಆಮೇಲೂ ಕಾಣಲಿಲ್ಲ ಎಂದು ಆ ಸಹಾಬಿ ಮುಂದೆ ಹೇಳುತ್ತಿದ್ದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಹದೀಸನ್ನು ನಾವು ಮಕ್ಕಳಿಗೆ ಹೇಳುವುದು ನಮಾಜಿನಲ್ಲಿ ಮಾತಾಡಬಾರದೆಂಬ ಮಸ್‌ಅಲೆಗಾಗಿ. ಅದರ ಅರ್ಧ ಭಾಗ ನಮಗೇ ಹೇಳಿದ್ದು ಎಂಬುದು ಮರೆತೇ ಹೋಗುತ್ತದೆ. ಅನಸ್(ರ) ಹತ್ತು ವರ್ಷ ಪ್ರವಾದಿವರ್ಯರ(ಸ) ಸೇವೆಯಲ್ಲಿದ್ದ ಹುಡುಗ. ಒಮ್ಮೆಯೂ ಅವರಿಂದ ‘ಉಫ್’ ಎಂಬ ಮಾತನ್ನೂ ಕೇಳಲಿಲ್ಲ.

ಶಾಲೆಯಲ್ಲಿ ಮಗುವನ್ನು ಹೊಡೆಯುವುದನ್ನೂ ಮನಸ್ಸು ನೋಯಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಂ ನಿಷೇಧಿಸಿದೆ. 2012ರ ತಿದ್ದುಪಡಿಯ ನಂತರ ಆ ಕಾಯ್ದೆ ಮದ್ರಸಾಗಳಿಗೆ ಅನ್ವಯಿಸುವುದಿಲ್ಲವೆಂದು ಹೇಳುವವರಿದ್ದಾರೆ. ಇರಲಿ. ಮುಆವಿಯಾ(ರ)ರ ಹದೀಸ್ ಅನ್ವಯಿಸುತ್ತದೆಯಲ್ಲ! ಬೆತ್ತದ ಭಯಕ್ಕೆ ಕಂಠಪಾಠ ಮಾಡಿದ ಸೂರಾ ಹುಡುಗನಿಗೆ ನೆನಪಿದ್ದೀತು. ಆದರೆ ಮೂವತ್ತನೆಯ ವಯಸ್ಸಿನಲ್ಲಿ ಅದನ್ನು ಓದುವಾಗ ಬೆನ್ನಿನ ಬರೆಯೂ ಜೊತೆಗೇ ನೆನಪಾದರೆ ಆ ಪಾಲು ಯಾರ ಲೆಕ್ಕಕ್ಕೆ? ಗುರುವಿನ ಪ್ರಭಾವ ಉಳಿಯುತ್ತದೆ ಎನ್ನುವಾಗ ಒಳ್ಳೆಯದಷ್ಟೇ ಉಳಿಯುತ್ತದೆ ಎಂದು ತಿಳಿಯಬಾರದು.

ಸವಾಯಿ ಗಂಧರ್ವರು 1952ರಲ್ಲಿ ಪುಣೆಯಲ್ಲಿ ತೀರಿಕೊಂಡರು. ಮರುವರ್ಷವೇ ಭೀಮಸೇನ ಜೋಶಿ ಗುರುವಿನ ಹೆಸರಿನಲ್ಲಿ ಅಲ್ಲಿ ಉತ್ಸವ ಆರಂಭಿಸಿದರು. ಶಿಷ್ಯ ಗುರುವಿನ ಹೆಸರನ್ನು ತನ್ನ ಹೆಸರಿಗಿಂತ ಮುಂದಿಟ್ಟುಕೊಂಡ ರೀತಿ ಅದು. ಇಮಾಮ್ ಅಬೂ ಹನೀಫಾ(ರ) ತಮ್ಮ ಗುರು ಹಮ್ಮಾದರ ಬಳಿ ಹದಿನೆಂಟು ವರ್ಷ ಕಲಿತವರು. ಹಮ್ಮಾದರು ತೀರಿಕೊಂಡ ಮೇಲೆ ತಮ್ಮ ಪ್ರತಿ ನಮಾಜಿನಲ್ಲೂ ತಂದೆ ತಾಯಿಯ ಜೊತೆ ಅವರ ಹೆಸರು ಹಿಡಿದು ದುಆ ಮಾಡುತ್ತಿದ್ದರು.

ಹೆಸರು ಹಿಡಿಯಬೇಕಾದರೆ ಮೊದಲು ಹೆಸರು ಗೊತ್ತಿರಬೇಕಲ್ಲವೇ? ನಿಮ್ಮ ಮಗನಿಗೆ ಅಲಿಫ್ ಬಾ ಹೇಳಿಕೊಡುವ ಹಜರತರ ಹೆಸರೇನು? ಮಗಳಿಗೆ ಅ ಆ ತಿದ್ದಿಸುವ ಅಕ್ಕೋರ ಹೆಸರೇನು? ಅವರ ಮನೆ ಯಾವ ಓಣಿಯಲ್ಲಿದೆ, ಅವರಿಗೆ ತಿಂಗಳಿಗೆ ಎಷ್ಟು ಸಂಬಳ, ಅದು ಹೊತ್ತಿಗೆ ಸರಿಯಾಗಿ ಬರುತ್ತದೆಯೇ? ಇಂದು ರಾತ್ರಿ ಊಟಕ್ಕೆ ಕುಳಿತಾಗ ಹೆಸರನ್ನು ಮಕ್ಕಳಿಂದಲೇ ಕೇಳಿಕೊಳ್ಳಿ. ಸಂಬಳದ ಮಾತನ್ನು ಜುಮಾ ನಮಾಜಿನ ಬಳಿಕ ಮಸೀದಿ ಕಮಿಟಿಯವರ ಬಳಿ ವಿಚಾರಿಸಿ.