ರಿಜಿಸ್ಟ್ರೇಶನ್ ಹಿಂದಿನ ದಿನ ಗೀಸರ್ ಸೋರಿದರೆ

ಹಳೇ ಫ್ಲ್ಯಾಟುಗಳ ವ್ಯಾಪಾರ ಕುದುರಿಸಿ ಕೊಡುವುದು ನನ್ನ ಕಸುಬು. ಜೆ.ಪಿ. ನಗರ, ಬನಶಂಕರಿ, ಉತ್ತರಹಳ್ಳಿ ಕಡೆಯೇ ಹೆಚ್ಚು ಓಡಾಟ. ಖಾತೆ, ಇ.ಸಿ., ಲೋನು ಎಲ್ಲ ದಾಟಿ ಬಂದ ವ್ಯವಹಾರ ಕೊನೇ ವಾರದಲ್ಲಿ ಒಂದು ಗೀಸರಿಗೋ ಚಿಮಣಿಗೋ ಸಿಕ್ಕಿ ಒದ್ದಾಡುವುದನ್ನು ಬೇಕಾದಷ್ಟು ಕಂಡಿದ್ದೇನೆ. ಎಂಬತ್ತು ಲಕ್ಷದ ಮನೆಗೆ ಎಂಟು ಸಾವಿರದ ಜಗಳ.

1. ಸಾಮಾನು ಕೆಡುವುದು ಖಾಲಿ ಮನೆಯಲ್ಲೇ ಜಾಸ್ತಿ. ಮಾರುವವರು ಮನೆ ಬಿಟ್ಟು ಹೋದಮೇಲೆ ಬ್ಯಾಂಕಿನ ಕೆಲಸ ಮುಗಿಯುವವರೆಗೆ ಬೀಗ ಬಿದ್ದಿರುತ್ತದೆ. ಚಾರ್ಜ್ ಸಿಗದ ಯುಪಿಎಸ್ ಬ್ಯಾಟರಿ ಇಳಿದು ಇಳಿದು ಸಾಯುತ್ತದೆ. ಆರ್‌ಒ ಫಿಲ್ಟರಿನಲ್ಲಿ ನಿಂತ ನೀರು ವಾಸನೆ ಹಿಡಿಯುತ್ತದೆ. ಬಾಗಿಲು ಮುಚ್ಚಿಟ್ಟ ಫ್ರಿಜ್ಜಿನೊಳಗೆ ಬೂಷ್ಟು ಕೂರುತ್ತದೆ. 'ನಾವಿದ್ದಾಗ ಚೆನ್ನಾಗೇ ಇತ್ತಲ್ಲ' ಎಂದು ಮಾಲೀಕರು ಹೇಳುವುದು ಬಹಳ ಸಲ ನಿಜವೇ. ಅದಕ್ಕೇ ಬೀಗದ ಕೈ ಯಾರ ಹತ್ತಿರ ಇದೆಯೋ ಅವರು ವಾರಕ್ಕೊಮ್ಮೆ ಹೋಗಿ ನಲ್ಲಿ, ಮೋಟಾರು, ಫ್ಯಾನು ಎಲ್ಲ ಹಾಕಿ ನೋಡಿ ಬರಬೇಕು.

2. ಗೀಸರ್ ಕೆಟ್ಟಿದೆ ಎಂದರೆ ಸಾಲದು, ಏನು ಕೆಟ್ಟಿದೆ ಎಂದು ಬಿಚ್ಚಿಸಿ ನೋಡಬೇಕು. ಉತ್ತರಹಳ್ಳಿಯ ಒಂದು ಫ್ಲ್ಯಾಟಿನಲ್ಲಿ ರಿಜಿಸ್ಟ್ರೇಶನ್‌ಗೆ ಹಿಂದಿನ ದಿನ ಕೊಳ್ಳುವವರು ಫೋನ್ ಮಾಡಿದರು: 'ಸಾರ್, ಗೀಸರ್ ಸೋರ್ತಿದೆ. ಹೊಸದು ಹಾಕಿಸಿಕೊಡೋವರೆಗೂ ಸೈನ್ ಮಾಡಲ್ಲ.' ಮಾರುವವರು ಆಗಲೇ ಪುಣೆ ಸೇರಿದ್ದರು, ಮರುದಿನ ಬೆಳಿಗ್ಗೆ ವಿಮಾನದಲ್ಲಿ ಬರುವವರು. ಮೆಕ್ಯಾನಿಕ್ ಬಂದು ಕೆಳಗಿನ ಮುಚ್ಚಳ ಬಿಚ್ಚಿದ. ಬೋರ್‌ವೆಲ್ ನೀರಿನ ಬಿಳಿ ಸುಣ್ಣ ಎಲಿಮೆಂಟಿನ ಮೇಲೆ ಬೆರಳು ದಪ್ಪ ಕಟ್ಟಿತ್ತು, ಆನೋಡ್ ರಾಡ್ ಕರಗಿ ಬರೀ ತಂತಿ ಉಳಿದಿತ್ತು. ಟ್ಯಾಂಕು ಮಾತ್ರ ಗಟ್ಟಿ. ಸೋರುತ್ತಿದ್ದದ್ದು ರಬ್ಬರ್ ಗ್ಯಾಸ್ಕೆಟ್ಟಿನ ಹತ್ತಿರ. ಎಲಿಮೆಂಟು, ರಾಡು, ಗ್ಯಾಸ್ಕೆಟ್ಟು ಮೂರನ್ನೂ ಬದಲಾಯಿಸಿ ಸಂಜೆಯೊಳಗೆ ಮುಗಿಸಿದ. ಟ್ಯಾಂಕೇ ತೂತಾಗಿದ್ದರೆ ಮಾತು ಬೇರೆ, ಆಗ ಹೊಸ ಗೀಸರೇ ಗತಿ. ಬಿಲ್ ಸಿಕ್ಕರೆ ಹುಡುಕಿಸಿ: ಟ್ಯಾಂಕಿನ ವಾರಂಟಿ ಸಾಮಾನ್ಯವಾಗಿ ಎಲಿಮೆಂಟಿನ ವಾರಂಟಿಗಿಂತ ಹೆಚ್ಚು ವರ್ಷ ಇರುತ್ತದೆ.

3. ಕಾನೂನು ಸ್ವಲ್ಪ ಗೊತ್ತಿರಲಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 8ನೇ ಕಲಂ ಪ್ರಕಾರ ಮನೆ ಮಾರಿದರೆ ಬೀಗ, ಕೀಲಿ, ಬಾಗಿಲು, ಕಿಟಕಿ ಮತ್ತು ಮನೆಯ ಕಾಯಂ ಬಳಕೆಗೆಂದು ಒದಗಿಸಿದ ವಸ್ತುಗಳು ಜೊತೆಗೇ ಹೋಗುತ್ತವೆ. ಬೇರೆ ಕರಾರು ಇಲ್ಲದಿದ್ದರೆ, ಅಗ್ರಿಮೆಂಟ್ ಆದ ದಿನದಿಂದ ಮನೆ ಬಿಟ್ಟುಕೊಡುವವರೆಗೆ ಆಸ್ತಿಯನ್ನು ಜವಾಬ್ದಾರಿಯುಳ್ಳ ಮಾಲೀಕನಂತೆ ನೋಡಿಕೊಳ್ಳುವುದು ಮಾರುವವರ ಹೊಣೆ ಎನ್ನುತ್ತದೆ 55ನೇ ಕಲಂ. ಆದರೆ ಗೋಡೆಗೆ ನೇತುಹಾಕಿದ ಎಸಿ 'ಕಾಯಂ' ಹೌದೋ ಅಲ್ಲವೋ ಎಂದು ವಾದಿಸಲು ಕೋರ್ಟಿಗೆ ಹೋಗುವವರು ಯಾರು? ಅಗ್ರಿಮೆಂಟಿಗೆ ಒಂದು ಪಟ್ಟಿ ಲಗತ್ತಿಸಿ. 'ಗೀಸರ್ 2, ಚಾಲ್ತಿಯಲ್ಲಿವೆ. ಚಿಮಣಿ 1, ಇದ್ದ ಸ್ಥಿತಿಯಲ್ಲಿ' ಎಂದು ಬರೆದರೆ ಸಾಕು. ಮಾರಾಟಕ್ಕಿಲ್ಲದ್ದನ್ನೂ ಅಲ್ಲೇ ಬರೆಯಿರಿ.

4. ಕ್ರಯಪತ್ರದ ಮೊತ್ತವನ್ನು ಮುಟ್ಟಲೇಬೇಡಿ. ಗೀಸರಿನ ಹತ್ತು ಸಾವಿರ ಕಳೆದು ಬರೆಯೋಣ ಎಂದು ಕೊನೇ ಗಳಿಗೆಯಲ್ಲಿ ಹೊರಡುವವರಿದ್ದಾರೆ. ಬ್ಯಾಂಕು ಲೋನ್ ಮಂಜೂರು ಮಾಡಿದ್ದು, ಮುದ್ರಾಂಕ ಶುಲ್ಕದ ಚಲನ್ ಕಟ್ಟಿದ್ದು, 50 ಲಕ್ಷ ಮತ್ತು ಮೇಲ್ಪಟ್ಟ ಬೆಲೆಗೆ ಕೊಳ್ಳುವವರು ಹಿಡಿದುಕೊಳ್ಳುವ ಶೇ. 1ರ ಟಿಡಿಎಸ್, ಎಲ್ಲವೂ ಒಂದೇ ಅಂಕಿಯ ಮೇಲೆ ನಿಂತಿರುತ್ತವೆ. ಅದನ್ನು ಕದಲಿಸಿದರೆ ಡಿಮ್ಯಾಂಡ್ ಡ್ರಾಫ್ಟ್‌ನಿಂದ ಹಿಡಿದು ಎಲ್ಲ ಮತ್ತೆ ಆಗಬೇಕು, ಸಬ್ ರಿಜಿಸ್ಟ್ರಾರ್ ಕಚೇರಿಯ ಸಮಯವೂ ತಪ್ಪುತ್ತದೆ. ರಿಪೇರಿ ದುಡ್ಡನ್ನು ಮಾರುವವರು ಕೊಳ್ಳುವವರ ಖಾತೆಗೆ ಬೇರೆಯಾಗಿ ಹಾಕಲಿ. 'ಗೀಸರ್ ಬಾಬ್ತು, ಇದರೊಂದಿಗೆ ಲೆಕ್ಕ ಚುಕ್ತಾ' ಎಂದು ವಾಟ್ಸಾಪ್‌ನಲ್ಲಿ ಒಂದು ಸಾಲು ಇಬ್ಬರೂ ಬರೆದುಕೊಳ್ಳಲಿ.

5. ಮಾರುವವರು ತಾವೇ ಹೊಸದು ಕೊಡಿಸುತ್ತೇವೆ ಎಂದರೆ ನಾನು ಬೇಡ ಎನ್ನುತ್ತೇನೆ. ಅವಸರದಲ್ಲಿ ಅಗ್ಗದ್ದು ತರುತ್ತಾರೆ. ಕೊಂಡವರಿಗೆ ಅದು ಹಿಡಿಸುವುದಿಲ್ಲ. ದುಡ್ಡು ಕೊಟ್ಟುಬಿಟ್ಟರೆ ಯಾವ ಕಂಪನಿ, ಎಷ್ಟು ಲೀಟರ್ ಎನ್ನುವುದು ಅವರ ಇಷ್ಟ. ಈ ಮಾತಿಗೆ ಎರಡು ಕಡೆಯವರೂ ಬೇಗ ಒಪ್ಪುತ್ತಾರೆ.

6. ಒಲೆಯ ವಿಷಯಕ್ಕೆ ಮಾತ್ರ ಈ ಲೆಕ್ಕ ನಡೆಯುವುದಿಲ್ಲ. ಆಷಾಢ ಬರುವುದರೊಳಗೆ ಗೃಹಪ್ರವೇಶ ಮುಗಿಸಬೇಕೆಂದು ಹೊರಟವರಿಗೆ, ಹಾಲು ಉಕ್ಕಿಸುವ ಹೊತ್ತಿಗೆ ಹಾಬ್ ಹೊತ್ತದಿದ್ದರೆ ಅದು ಅಪಶಕುನ. ಎಷ್ಟೋ ಹಾಬ್‌ಗಳ ಕಿಡಿ ಬರುವುದು ಒಂದು ಸಣ್ಣ ಸೆಲ್ಲಿನಿಂದ. ಬದಲಾಯಿಸಿದರೆ ಸರಿಹೋಗುತ್ತದೆ. ನಾನಂತೂ ಅಡುಗೆಮನೆಯಲ್ಲಿ ಒಂದು ಲೈಟರ್ ಇಟ್ಟೇ ಬರುತ್ತೇನೆ.

7. ರಿಜಿಸ್ಟ್ರೇಶನ್‌ಗೆ ಎರಡು ದಿನ ಮುಂಚೆ ಇಬ್ಬರೂ ಮನೆಯಲ್ಲಿ ನಿಂತು ಒಂದೊಂದೇ ಸ್ವಿಚ್ ಹಾಕಿ ನೋಡಿ. ಗೀಸರ್ ಹಾಕಿ ಅರ್ಧ ಗಂಟೆ ಕಾಯಿರಿ, ಎಸಿ ತಣ್ಣಗಾಗುವವರೆಗೆ ಕೂರಿ, ಯುಪಿಎಸ್ ನೋಡಲು ಮೇನ್ ಆಫ್ ಮಾಡಿ. ಬೆಸ್ಕಾಂ ಮೀಟರಿನ ಫೋಟೋ ತೆಗೆದುಕೊಳ್ಳಿ. ಕ್ರಯಪತ್ರವಾಗಿ ಕೀಲಿ ಕೈ ಬದಲಾದ ಮೇಲೆ ತಾನಾಗಿ ಕೆಟ್ಟದ್ದು ಕೊಂಡವರ ಪಾಲು. ಆಮೇಲೆ ಹಳೇ ಮಾಲೀಕರಿಗೆ ಫೋನ್ ಮಾಡಬೇಡಿ, ಮೆಕ್ಯಾನಿಕ್‌ಗೆ ಮಾಡಿ.