ಸಕ್ಕರೆಯ ಉದ್ಯಮದಲ್ಲಿ ಒಬ್ಬ ಮಹಿಳೆ

ಆಯನೂರಿನವರಾದ ನಾವು ಭದ್ರಾವತಿಗೆ ಹೋದಾಗ ಭದ್ರಾ ನಾಲೆಯ ಬಯಲಿನಲ್ಲಿ ಕಬ್ಬಿನ ಗದ್ದೆಗಳನ್ನು ಕಾಣುತ್ತೇವೆ. ಕಡಿದ ಕಬ್ಬು ಕಾಯಲಾರದು; ದಿನ ಕಳೆದಂತೆ ಅದರಲ್ಲಿನ ಸಕ್ಕರೆಯ ಅಂಶವು ಕುಂದುವುದು. ಆದುದರಿಂದ ಕಾರ್ಖಾನೆಯು ಗದ್ದೆಗೆ ಸಮೀಪವಾಗಿರತಕ್ಕದ್ದು. ಈ ಮರ್ಮವನ್ನರಿತು ಉದ್ಯಮವನ್ನು ಕಟ್ಟಿದವರಲ್ಲಿ ಬೆಳಗಾವಿಯ ಶ್ರೀಮತಿ ವಿದ್ಯಾ ಮುರಕುಂಬಿಯವರು ಒಬ್ಬರು.

ರಸಾಯನಶಾಸ್ತ್ರದ ಪದವೀಧರೆಯಾದ ಇವರು ಮೊದಲು ವ್ಯಾಪಾರದಲ್ಲಿ ಪಳಗಿ, ಬಳಿಕ ಮಗ ನರೇಂದ್ರರೊಡನೆ ಶ್ರೀ ರೇಣುಕಾ ಶುಗರ್ಸ್ ಕಂಪೆನಿಯನ್ನು ಸ್ಥಾಪಿಸಿದರು. 1998ರಲ್ಲಿ ಆಂಧ್ರದ ಹಿಂದೂಪುರದಲ್ಲಿ ನಷ್ಟಕ್ಕೀಡಾಗಿದ್ದ ನಿಜಾಂ ಶುಗರ್ಸಿನ ಕಾರ್ಖಾನೆಯನ್ನು ಕೊಂಡು, ಯಂತ್ರಗಳನ್ನು ಬಿಚ್ಚಿಸಿ, ಸವದತ್ತಿ ತಾಲ್ಲೂಕಿನ ಮುನವಳ್ಳಿಗೆ ಸಾಗಿಸಿದರು. ಸಾವಿರಾರು ಕಬ್ಬು ಬೆಳೆಗಾರರು ಅದರಲ್ಲಿ ಪಾಲುದಾರರಾದರು.

2010ರಲ್ಲಿ ಕಂಪೆನಿಯು ಬ್ರೆಜಿಲ್ ದೇಶದ ಕಾರ್ಖಾನೆಗಳನ್ನೂ ಕೊಂಡಿತು. ಅನಂತರ ಸಾಲದ ಭಾರವು ಹೆಚ್ಚಿ, 2018ರಲ್ಲಿ ಹತೋಟಿಯು ಸಿಂಗಪುರದ ವಿಲ್ಮಾರ್ ಸಂಸ್ಥೆಗೆ ಸೇರಿತು.

ಇದರಿಂದ ಅವರ ಸಾಧನೆಯು ಅಳಿಯಿತೆ? ಇಲ್ಲವೆಂದೇ ನಮ್ಮ ಅಭಿಪ್ರಾಯ. ಹಾಳುಬಿದ್ದ ಯಂತ್ರಗಳಿಗೆ ಮರುಜೀವ ಬಂದಿತು. ಮುನವಳ್ಳಿಯ ರೈತನ ಕಬ್ಬಿಗೆ ಸಮೀಪದಲ್ಲೇ ಗಾಣವಾಯಿತು. ಆದರೆ ಧೈರ್ಯದೊಡನೆ ಮಿತಿಯ ಅರಿವೂ ಬೇಕೆಂಬುದು ಇಲ್ಲಿನ ಇನ್ನೊಂದು ಪಾಠ. ಹೆಣ್ಣುಮಕ್ಕಳನ್ನು ಹೆತ್ತವರೆ, ಮಗಳಿಗೆ ವಿಜ್ಞಾನವನ್ನು ಓದಿಸಿರಿ. ಮನೆಯ ಜಮಾಖರ್ಚಿನ ಪುಸ್ತಕವನ್ನೂ ಅವಳ ಕೈಗೆ ಕೊಡಿರಿ.