ಸಂಜೆಯ ನಡಿಗೆಯಲ್ಲಿ ಅಹಿಂಸಾಣುವ್ರತದ ಪಾಠ

ಮಕ್ಕಳು ವ್ರತಗಳನ್ನು ಮೊದಲು ನಿಷೇಧಗಳೆಂದೇ ತಿಳಿಯುತ್ತಾರೆ. ಕತ್ತಲಾದ ಮೇಲೆ ಉಣ್ಣಬಾರದು, ಸೋಸದ ನೀರನ್ನು ಕುಡಿಯಬಾರದು, ಹುಳುವನ್ನು ತುಳಿಯಬಾರದು ಎಂಬ ಮಾತುಗಳು ಕಿವಿಗೆ ಬೀಳುತ್ತವೆ. ಯಾವ ಜೀವವನ್ನು ಕಾಪಾಡಲು ಈ ನಿಯಮ ಎಂಬುದು ಕಣ್ಣಿಗೆ ಬೀಳುವುದಿಲ್ಲ. ಕಾಣದ ಜೀವದ ಮೇಲೆ ದಯೆ ಹುಟ್ಟುವುದು ಕಷ್ಟ. ಆದುದರಿಂದ ಬೇಸಗೆಯ ರಜೆಯಲ್ಲಿ ಮಕ್ಕಳಿಗೆ ಜೀವಗಳನ್ನು ತೋರಿಸುವುದೇ ವ್ರತಶಿಕ್ಷಣದ ಮೊದಲ ಪಾಠವಾಗತಕ್ಕದ್ದು.

ಇದಕ್ಕಾಗಿ ಕಾಡಿಗೆ ಹೋಗಬೇಕಾಗಿಲ್ಲ. ಬೆಂಗಳೂರಿನ ಪೂರ್ವಕ್ಕಿರುವ ಮಾರತ್ತಹಳ್ಳಿಯನ್ನೇ ತೆಗೆದುಕೊಳ್ಳೋಣ. ಹೊರವರ್ತುಲ ರಸ್ತೆ, ಕಚೇರಿಗಳ ಗಾಜಿನ ಗೋಡೆಗಳು, ಬಹುಮಹಡಿ ವಸತಿಗಳು ತುಂಬಿರುವ ಈ ಊರಿನ ಸುತ್ತ ಇಂದಿಗೂ ಕೆರೆಗಳಿವೆ: ಉತ್ತರಕ್ಕೆ ದೊಡ್ಡನೆಕ್ಕುಂದಿ, ದಕ್ಷಿಣಕ್ಕೆ ಬೆಳ್ಳಂದೂರು, ಪೂರ್ವಕ್ಕೆ ವರ್ತೂರು. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿ ಸೂರ್ಯಾಸ್ತ ಸುಮಾರು 6.30ರಿಂದ 6.45ರೊಳಗೆ. ಅಸ್ತಮಾನಕ್ಕೆ ಎರಡು ಘಳಿಗೆ, ಎಂದರೆ 48 ನಿಮಿಷ, ಮೊದಲೇ ಭೋಜನ ಮುಗಿಸುವ ಶ್ರಾವಕರ ಮನೆಯಲ್ಲಿ 5.45ರ ಸುಮಾರಿಗೆ ಊಟವಾಗಿರುತ್ತದೆ. ಅನಂತರ ಕತ್ತಲಾಗುವವರೆಗೆ ಉಳಿಯುವ ಮುಕ್ಕಾಲು ಗಂಟೆಯೇ ನಡಿಗೆಗೆ ತಕ್ಕ ಕಾಲ.

ಮುನಿಗಳು ಹಗಲ ಬೆಳಕಿನಲ್ಲಿ, ಮುಂದಿನ ನಾಲ್ಕು ಮೊಳ ನೆಲವನ್ನು ನೋಡುತ್ತ ನಡೆಯುವುದು ಈರ್ಯಾಸಮಿತಿ. ಶ್ರಾವಕನಿಗೆ ಇದು ಅಹಿಂಸಾವ್ರತದ ಭಾವನೆಗಳಲ್ಲಿ ಒಂದು. ನಾಲ್ಕು ಮೊಳ ದೂರವನ್ನು ಒಮ್ಮೆ ಅಳೆದು ತೋರಿಸಿದರೆ ಮಕ್ಕಳು ಅದನ್ನು ಆಟವೆಂಬಂತೆ ಪಾಲಿಸುತ್ತಾರೆ. ಹುಲ್ಲನ್ನು ಬಿಟ್ಟು ಕಾಲುದಾರಿಯಲ್ಲೇ ನಡೆಯಬೇಕೆಂಬುದನ್ನೂ ಆಗಲೇ ಹೇಳಬೇಕು.

ಇಂದ್ರಿಯಗಳ ಮೆಟ್ಟಿಲು

ಕೃಮಿ, ಇರುವೆ, ದುಂಬಿ, ಮನುಷ್ಯ ಈ ಕ್ರಮದಲ್ಲಿ ಇಂದ್ರಿಯಗಳು ಒಂದೊಂದಾಗಿ ಹೆಚ್ಚುತ್ತವೆಯೆಂದು ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದಲ್ಲಿ ತಿಳಿಸಿದ್ದಾರೆ. ಕೆರೆಯ ದಾರಿಯಲ್ಲಿ ಈ ಮೆಟ್ಟಿಲುಗಳೆಲ್ಲವೂ ಕಾಣಸಿಗುತ್ತವೆ. ಹುಲ್ಲು ಮತ್ತು ಹೊಂಗೆಯ ಮರ ಏಕೇಂದ್ರಿಯ. ಮಳೆಯ ಮರುದಿನ ಮೇಲೆ ಬರುವ ಎರೆಹುಳು ದ್ವೀಂದ್ರಿಯ. ಸಾಲಾಗಿ ಹೋಗುವ ಇರುವೆ ತ್ರೀಂದ್ರಿಯ. ಹೊಂಗೆಯ ಹೂವಿಗೆ ಬಂದ ಜೇನುನೊಣ ಚತುರಿಂದ್ರಿಯ. ಮಧುತ್ಯಾಗ ಮೂಲಗುಣಗಳಲ್ಲಿ ಏಕೆ ಸೇರಿತೆಂಬುದನ್ನು ಇಲ್ಲಿಯೇ ಹೇಳಬಹುದು. ಅಳಿಲು, ಮುಂಗುಸಿ, ಬೆಳ್ಳಕ್ಕಿ, ನೀರುಕಾಗೆ, ಮಿಂಚುಳ್ಳಿ ಇವು ಪಂಚೇಂದ್ರಿಯ.

“ತಾತ, ಇರುವೆಗೂ ಕಣ್ಣಿದೆ ಎಂದು ನಮ್ಮ ಪಾಠದಲ್ಲಿದೆಯಲ್ಲ?” ಎಂದು ಮಗು ಕೇಳಬಹುದು. ಆಗ ಗದರಿಸಬಾರದು. ಹೆಚ್ಚಿನ ಇರುವೆಗಳಿಗೆ ಕಣ್ಣಿದೆಯೆಂದು ಇಂದಿನ ಜೀವಶಾಸ್ತ್ರ ಹೇಳುವುದು ನಿಜ. “ಕಣ್ಣಿದ್ದರೆ ನಿನ್ನ ಕಾಲು ಬರುವುದನ್ನು ಅದೂ ಕಂಡೀತು ಮಗು; ಹಾಗಾದರೆ ಇನ್ನೂ ಎಚ್ಚರವಾಗಿ ನಡೆ” ಎಂಬ ಉತ್ತರ ಸಾಕು. ಆಗಮದ ವಿಂಗಡಣೆಯನ್ನು ಕಲಿಯುವುದು ಅತಿ ಸಣ್ಣ ಜೀವದವರೆಗೆ ದಯೆಯನ್ನು ವಿಸ್ತರಿಸುವುದಕ್ಕಾಗಿ. ಹೊಸ ತಿಳಿವಿನಿಂದ ಆ ದಯೆ ಹೆಚ್ಚಬೇಕೇ ಹೊರತು ಕುಗ್ಗಬಾರದು.

ದಾರಿಯಲ್ಲಿ ಹುತ್ತ ಕಂಡರೆ ಶ್ರವಣಬೆಳಗೊಳವನ್ನು ನೆನಪಿಸಬೇಕು. ಚಾವುಂಡರಾಯನು ಮಾಡಿಸಿದ ಗೊಮ್ಮಟಮೂರ್ತಿಯ ಕಾಲುಗಳ ಬಳಿ ಹುತ್ತವೂ ಅದರಿಂದ ಹೊರಬರುವ ಹಾವುಗಳೂ ಇವೆ. ಬಾಹುಬಲಿ ಸ್ವಾಮಿಯು ಅವುಗಳನ್ನು ಓಡಿಸಲಿಲ್ಲ, ಅವುಗಳಿಗೆ ಹೆದರಲೂ ಇಲ್ಲ. ಅಭಿಷೇಕಕ್ಕೆ ಹೋದಾಗ ಕಲ್ಲಿನಲ್ಲಿ ಕಂಡದ್ದು ಮಗುವಿಗೆ ಇಲ್ಲಿ ಮಣ್ಣಿನಲ್ಲಿ ಕಾಣುತ್ತದೆ.

ಆಟದಲ್ಲಿ ಅಡಗಿರುವ ಅತಿಚಾರ

ಅಹಿಂಸಾಣುವ್ರತದ ಐದು ಅತಿಚಾರಗಳು ದನಕರು ಸಾಕುವವರಿಗೆ ಮಾತ್ರ ಸಂಬಂಧಿಸಿದವೆಂದು ಹಲವರು ಭಾವಿಸುತ್ತಾರೆ. ಮಕ್ಕಳ ಆಟದಲ್ಲಿ ಐದೂ ಇವೆ. ಏರೋಪ್ಲೇನ್ ಚಿಟ್ಟೆಯ ಬಾಲಕ್ಕೆ ದಾರ ಕಟ್ಟುವುದು ಬಂಧ. ಓತಿಕೇತಕ್ಕೆ ಕಲ್ಲು ಬೀರುವುದು ವಧ. ಚಿಟ್ಟೆಯ ರೆಕ್ಕೆ ಕೀಳುವುದು ಛೇದ. ಹಿಡಿದ ಹುಳುವಿನಿಂದ ಕಲ್ಲು ಎತ್ತಿಸುವುದು ಅತಿಭಾರಾರೋಪಣ. ಮರಿಮೀನನ್ನು ಸೀಸೆಯಲ್ಲಿಟ್ಟು ಮರೆಯುವುದು ಅನ್ನಪಾನನಿರೋಧ. ಮಣ್ಣುಬಣ್ಣದಲ್ಲಿ ಕುಳಿತ ಕೊಳಬಕ ಹಾರಿದೊಡನೆ ಬೆಳ್ಳಗೆ ಕಾಣುತ್ತದೆ. ಆ ಸೊಗಸನ್ನು ನೋಡಲೆಂದು ಅದನ್ನು ಎಬ್ಬಿಸುವುದೂ ಪೀಡೆಯೇ. ತಾನಾಗಿ ಹಾರುವವರೆಗೆ ಕಾಯುವ ತಾಳ್ಮೆಯೂ ಒಂದು ಸಣ್ಣ ತಪಸ್ಸು.

ದೊಡ್ಡವರ ಅತಿಚಾರವೂ ಈ ದಾರಿಯಲ್ಲೇ ಕಾಣುತ್ತದೆ. ಮನೆಮನೆಯ ಕೊಳಚೆ ಮತ್ತು ಸಾಬೂನುಪುಡಿಯ ನೀರು ಸೇರಿ ಬೆಳ್ಳಂದೂರು ಕೆರೆ ನೊರೆಯುಕ್ಕಿಸಿತು. 2015ರ ಮೇ ತಿಂಗಳಲ್ಲಿ ಆ ನೊರೆಗೆ ಬೆಂಕಿಯೂ ಹತ್ತಿತು. 2017ರ ಫೆಬ್ರುವರಿಯಲ್ಲಿ ಆ ಕೆರೆಯಿಂದ ಮತ್ತೆ ಹೊಗೆ ಎದ್ದಿತು. ನೀರು, ನೆಲ, ಬೆಂಕಿಗಳನ್ನು ನಿಷ್ಕಾರಣವಾಗಿ ಕೆಡಿಸುವುದನ್ನು ಸಮಂತಭದ್ರಾಚಾರ್ಯರು ಪ್ರಮಾದಚರ್ಯೆಯೆಂದು ಅನರ್ಥದಂಡಗಳಲ್ಲಿ ಸೇರಿಸಿದ್ದಾರೆ. ಕುಡಿಯುವ ನೀರನ್ನು ಸೋಸುವ ಮನೆ, ತಾನು ಹೊರಗೆ ಬಿಡುವ ನೀರಿನ ವಿಷಯದಲ್ಲಿಯೂ ಎಚ್ಚರವಾಗಿರಬೇಡವೇ?

ದೀಪದ ಸಾಕ್ಷಿ

ನೆಲ ಕಾಣದಷ್ಟು ಕತ್ತಲಾಗುವ ಮೊದಲೇ ಮನೆ ಸೇರಬೇಕು. ಬೇಸಗೆಯ ಮಳೆ ಬಿದ್ದ ಸಂಜೆಯಾದರೆ ಪಾಠ ಅಲ್ಲಿಗೆ ಮುಗಿಯುವುದಿಲ್ಲ. ಹುತ್ತದಿಂದ ಎದ್ದ ಮಳೆಹುಳುಗಳು ದೀಪಕ್ಕೆ ಮುತ್ತಿ, ರೆಕ್ಕೆ ಕಳಚಿ, ಎಲ್ಲೆಂದರಲ್ಲಿ ಬೀಳುತ್ತವೆ. ಬಾಲ್ಕನಿಯ ದೀಪದ ಕೆಳಗೆ ಒಂದು ಬರಿಯ ತಟ್ಟೆಯನ್ನು ಕ್ಷಣಹೊತ್ತು ಇಟ್ಟು ತೋರಿಸಿ, ಕೂಡಲೇ ದೀಪ ಆರಿಸಬೇಕು. ರಾತ್ರಿಭೋಜನತ್ಯಾಗ ಏಕೆಂದು ಆ ತಟ್ಟೆಯೇ ಹೇಳುತ್ತದೆ.

ರಜೆಯ ನಿಯಮಗಳು

1. ಹಿಡಿಯದೆ, ಮುಟ್ಟದೆ ನೋಡುವುದು.
2. ದಿನಕ್ಕೊಂದು ಜೀವದ ಹೆಸರು ಮತ್ತು ಅದರ ಇಂದ್ರಿಯಗಳನ್ನು ಬರೆದಿಡುವುದು.
3. ಮಳೆಹುಳು ಎದ್ದ ಸಂಜೆ ಅನಾವಶ್ಯಕ ದೀಪಗಳನ್ನು ಆರಿಸುವುದು.
4. ತಿಳಿಯದೆ ತುಳಿದ ಜೀವಗಳನ್ನು ನೆನೆದು, ಮಲಗುವ ಮುನ್ನ ಕ್ಷಮೆ ಬೇಡುವುದು.

ಈ ನಾಲ್ಕನ್ನು ಒಂದು ಬೇಸಗೆ ನಡೆಸಿದ ಮಗುವಿಗೆ ಮುಂದೆ ವ್ರತ ಕೊಡುವಾಗ ಹೆಚ್ಚು ವಿವರಿಸಬೇಕಾಗುವುದಿಲ್ಲ. ತಾನು ಯಾರನ್ನು ಕಾಯುತ್ತಿದ್ದೇನೆಂಬುದು ಅದಕ್ಕೆ ತಿಳಿದಿರುತ್ತದೆ.